ಪರದೇಶಕ್ಕೊಂದು ತಾಲೀಮು

ನಮ್ಮ ವಿಶ್ವವಿದ್ಯಾಲಯದ ಭೂಗೋಳ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಆದರೆ ಮೇಡಂ' ಎಂದರೆ ಎಲ್ಲರಿಗೂ ಗೊತ್ತು. ಯಾರು ಏನೇ ಹೇಳಲಿ, ಅವರ ಮಾತು 'ಆದರೆ' ಎಂದೇ ಶುರುವಾಗುತ್ತದೆ. ಪಕ್ಕದ ಮೇಜಿನವನಾದ ನನ್ನ ತಲೆಗೆ ದಿನಕ್ಕೊಂದು ಹುಳ ಬಿಡದಿದ್ದರೆ ಅವರಿಗೆ ಕಾಫಿ ರುಚಿಸುವುದಿಲ್ಲ. ಇಂಥವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವಿದೇಶದ ಒಂದು ಊರಿಗೆ ಹೊರಡಲು ಅಣಿಯಾದರು. ಕೊಳೆತು ನಾರುತ್ತಿದ್ದ ನದಿಯನ್ನು ಶುಚಿ ಮಾಡಿ ಮತ್ತೆ ಮೀನು ಬರುವಂತೆ ಮಾಡಿದ ಊರು ಅದು. ಆ ದಂಡೆಯಲ್ಲೇ ನಿಂತು ಪಾಠ ಮಾಡಬೇಕೆಂಬುದು ಅವರ ಬಹುದಿನದ ಆಸೆ. ಜೊತೆಗೆ ಹೋಗುವ ಎರಡನೆಯ ಮೇಷ್ಟರಾಗಿ ಸಿಕ್ಕಿಬಿದ್ದವನು ನಾನು.

ಅವರ ಯೋಜನೆಯ ತುಂಬ ಹೆದರಿಕೆಗಳೇ. ರೈಲು ತಪ್ಪಿದರೆ? ಪಾಸ್‌ಪೋರ್ಟ್ ಕಳೆದರೆ? ದಂಡೆಯಲ್ಲಿ ಕಾಲು ಜಾರಿದರೆ? ಆ ದೇಶದ ಆಂಬುಲೆನ್ಸ್ ನಂಬರನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದರು. ನಾನು ನಗುತ್ತಿದ್ದೆ. ಆಯ್ಕೆಯಾದವರಲ್ಲಿ ಒಬ್ಬ ಹುಡುಗಿ ಬಂದು ತನಗೆ ಆಗಾಗ ಫಿಟ್ಸ್ ಬರುತ್ತದೆ ಎಂದ ದಿನ ನನ್ನ ನಗುವೂ ನಿಂತಿತು.

"ಮಾತ್ರೆ ತಗೋತೀನಿ ಮೇಡಂ. ಬಂದ್ರೂ ಸ್ವಲ್ಪ ಹೊತ್ತಿಗೆ ಸರಿಹೋಗತ್ತೆ. ಡಾಕ್ಟ್ರೂ ಹೋಗ್ಬಹುದು ಅಂದಿದ್ದಾರೆ. ನೀವು ಮಾತ್ರ ಬೇಡ ಅನ್ಬೇಡಿ" ಎಂದಳು.

ಮೇಡಂ ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಅಂದಿನಿಂದ ಅವರ ಊಟ ಡಬ್ಬಿಯಲ್ಲೇ ಉಳಿಯತೊಡಗಿತು. "ಕರ್ಕೊಂಡು ಹೋದ್ರೆ ಜೀವ ಕೈಲಿ ಹಿಡ್ಕೊಂಡಿರಬೇಕು ಕಣ್ರೀ. ಬಿಟ್ಟು ಹೋದ್ರೆ ಅವಳ ಮುಖ ನೋಡಕ್ಕಾಗಲ್ಲ" ಎಂದು ನನ್ನ ಹತ್ತಿರ ಹಲುಬುತ್ತಿದ್ದರು. ವಿಭಾಗದ ಮುಖ್ಯಸ್ಥರನ್ನು ಕೇಳಿದರೆ, "ನಿಮ್ಮ ಪ್ರವಾಸ, ನಿಮ್ಮ ಜವಾಬ್ದಾರಿ. ನೀವೇ ನೋಡಿ" ಎಂದು ಜಾರಿಕೊಂಡರು.

ಹೊರಡುವ ಮೊದಲು ತಾಲೀಮು ಆಗಲೇಬೇಕು ಎಂದರು ಮೇಡಂ. ನಮ್ಮೂರನ್ನೇ ಪರದೇಶವೆಂದುಕೊಳ್ಳುವುದು, ವಿದ್ಯಾರ್ಥಿಗಳನ್ನು ಕಂಡರಿಯದ ಬಡಾವಣೆಯಲ್ಲಿ ಬಸ್ಸಿನಿಂದ ಇಳಿಸುವುದು, ಅವರು ಗುಂಪು ಗುಂಪಾಗಿ ನಕ್ಷೆ ಹಿಡಿದು ಹಳೆಯ ಸೇತುವೆಗೆ ಬಂದು ಸೇರುವುದು. ನಾವಿಬ್ಬರೂ ಸೇತುವೆಯ ಬಳಿ ಕಾದೆವು. ಮೇಡಂ ನಿಂತಲ್ಲಿ ನಿಲ್ಲಲಿಲ್ಲ. ಆ ಹುಡುಗಿಯ ಗುಂಪು ಕಣ್ಣಿಗೆ ಬಿದ್ದಾಗ ಅವರು ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

ರಸ್ತೆ ದಾಟಿ ಈಚೆ ಬಂದವಳೇ ಹುಡುಗಿ ಕುಸಿದಳು.

ಮೇಡಂ ಮೊಬೈಲ್ ತೆಗೆದು ನಂಬರ್ ಒತ್ತಿದರು, ಮತ್ತೆ ಒತ್ತಿದರು. "ಹೋಗ್ತಾನೇ ಇಲ್ಲ, ಹೋಗ್ತಾನೇ ಇಲ್ಲ" ಎಂದು ಅಳುದನಿಯಲ್ಲಿ ಬಡಬಡಿಸಿದರು. ಹೋಗುವುದಾದರೂ ಹೇಗೆ? ಅವರು ಒತ್ತುತ್ತಿದ್ದದ್ದು ನಮಗೆಲ್ಲ ಬಾಯಿಪಾಠ ಮಾಡಿಸಿದ್ದ ಆ ದೇಶದ ನಂಬರು. ಅಷ್ಟರಲ್ಲಿ ಹುಡುಗಿಯ ಗೆಳತಿಯರು ಸ್ವೆಟರ್ ಮಡಿಸಿ ತಲೆಯಡಿ ಇಟ್ಟು, ಅವಳನ್ನು ಮಗ್ಗುಲಿಗೆ ತಿರುಗಿಸಿ, ಮುತ್ತಿಕೊಂಡ ಜನರನ್ನು ದೂರ ಸರಿಸಿದ್ದರು. ಒಬ್ಬಳು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದಳು. ಹೀಗಾದಾಗ ಏನು ಮಾಡಬೇಕೆಂದು ಆ ಹುಡುಗಿಯೇ ಎಲ್ಲರಿಗೂ ಮೊದಲೇ ಹೇಳಿಕೊಟ್ಟಿದ್ದಳಂತೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಪೂರ್ತಿ ಎಚ್ಚರವಾದ ಮೇಲೆ, "ನಾವೇ ಮೊದಲು ಬಂದ್ವಾ?" ಎಂದು ಕೇಳಿದಳು.

ಮರುದಿನ ಅವಳ ತಾಯಿ ನಮ್ಮ ಕೋಣೆಗೆ ಬಂದರು. ಸರಿಯಾಗಿ ಕೂರಿ ಎಂದರೂ ಕುರ್ಚಿಯ ಅಂಚಿನಲ್ಲೇ ಕೂತರು.

"ಅವಳ ಹೆಸರು ತೆಗೆದುಬಿಡಿ ಮೇಡಂ. ಅಳ್ತಾಳೆ, ಅಳಲಿ. ಮನೇಲಿದ್ರೆ ನನ್ನ ಕಣ್ಣೆದುರಿಗಾದ್ರೂ ಇರ್ತಾಳೆ."

ನಿಜ ಹೇಳಬೇಕೆಂದರೆ ನನ್ನ ಎದೆಯ ಭಾರ ಇಳಿಯಿತು. ಮೇಡಂ ಕೂಡ ಬದುಕಿದೆಯಾ ಬಡಜೀವವೇ ಎಂದುಕೊಂಡು ತಲೆಯಾಡಿಸುತ್ತಾರೆ ಎಂದೇ ಅಂದುಕೊಂಡಿದ್ದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ, ತಾಯಿಯ ಪಕ್ಕದಲ್ಲಿ ಬಂದು ಕುಳಿತರು. ಇಷ್ಟು ವರ್ಷ ಜೊತೆಗಿದ್ದರೂ ನನಗೆ ಗೊತ್ತಿರದ ಸಂಗತಿಯನ್ನು ಆಗ ಹೇಳಿದರು.

"ನನ್ನ ತಮ್ಮನಿಗೂ ಇದೇ ಇತ್ತಮ್ಮ. ನಾನೂ ಅಮ್ಮನೂ ಅವನನ್ನ ಬೀದಿ ತುದಿ ದಾಟಕ್ಕೆ ಬಿಡಲಿಲ್ಲ. ರೈಲು ಹತ್ತಬೇಕು ಅಂತ ಚಿಕ್ಕಂದಿನಿಂದ ಕೇಳ್ತಿದ್ದ. ನಾಳೆ, ನಾಡಿದ್ದು ಅಂತ ಸಾಗಹಾಕಿದ್ವಿ. ಕೂದಲು ಬೆಳ್ಳಗಾಗೋ ಹೊತ್ತಿಗೆ ಕೇಳೋದನ್ನೇ ಬಿಟ್ಟ. ಹಾಸಿಗೇಲೇ ಹೋದ. ಬಂದೋರೆಲ್ಲ, ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ ಅಂದ್ರು."

ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಮೇಜಿನ ಮೇಲಿದ್ದ ಪೆನ್ನುಗಳನ್ನು ಜೋಡಿಸಿದೆ. ತಾಯಿ ಕೇಳಿದರು.

"ಅಲ್ಲಿ ಅವಳಿಗೆ ಹಾಗಾದಾಗ ನೀವು ಪಕ್ಕದಲ್ಲೇ ಇರ್ತೀರಾ?"

"ಇರ್ತೀನಿ ಅಂತ ಮಾತು ಕೊಡಕ್ಕಾಗಲ್ಲಮ್ಮ. ಇದ್ರೂ ನಿನ್ನೆ ಥರಾನೇ ನಡುಗ್ತೀನಿ. ಅವಳ ಗೆಳತಿಯರು ಇರ್ತಾರೆ."

ಕೇಳಿದವರ ಎದೆ ಒಡೆಯುವಂಥ ಉತ್ತರ ಕೊಟ್ಟು ಎಲ್ಲ ಕೆಡಿಸಿಬಿಟ್ಟರಲ್ಲ ಎಂದು ನಾನು ತುಟಿ ಕಚ್ಚಿಕೊಂಡೆ. ತಾಯಿ ಎದ್ದು ಬಾಗಿಲವರೆಗೆ ಹೋದರು. ಚಿಲಕದ ಮೇಲೆ ಕೈಯಿಟ್ಟು, ನಮ್ಮ ಕಡೆ ತಿರುಗದೆಯೇ ಹೇಳಿದರು.

"ಮಾತ್ರೇನ ಎರಡು ಬ್ಯಾಗಲ್ಲಿ ಇಡ್ಸಿ ಮೇಡಂ. ಒಂದು ಕಳೆದ್ರೂ ಇನ್ನೊಂದು ಇರತ್ತೆ."