ಗ್ಯಾಸಿನ ಒಲೆಯ ಮೇಲೆ ಬೂದಿ ಮೆತ್ತಿದ ಗಡಿಗೆ

ನಾನು ಚಿಕ್ಕವನಿದ್ದಾಗ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಅಡುಗೆ ಆಗುತ್ತಿದೆ ಎಂಬುದು ಬೀದಿಯ ತುದಿಗೇ ಗೊತ್ತಾಗುತ್ತಿತ್ತು, ಅಷ್ಟು ಹೊಗೆ. ಅವ್ವ ಒಲೆಗೆ ರವದಿ, ಅಂದರೆ ಕಬ್ಬಿನ ಒಣ ಎಲೆ, ತುರುಕಿ ಊದುತ್ತಿದ್ದಳು. ರವದಿ ಭಗ್ಗನೆ ಉರಿದು ಆರಿಬಿಡುತ್ತಿತ್ತು, ಹೊಗೆ ಮಾತ್ರ ಉಳಿಯುತ್ತಿತ್ತು. ಅವ್ವನ ಕಣ್ಣುಗಳು ಸದಾ ಕೆಂಪಗೆ, ನೀರು ತುಂಬಿಕೊಂಡೇ ಇರುತ್ತಿದ್ದವು. ಅದಕ್ಕೇ ಅಪ್ಪ ಕೊಲ್ಹಾಪುರದಿಂದ ಗ್ಯಾಸಿನ ಒಲೆ ತರಿಸಿದ.

ಅಜ್ಜಿಗೆ ಅದು ಸರಿಬರಲಿಲ್ಲ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವಂತಿರಲಿಲ್ಲ. ಅಜ್ಜಿ ಅದನ್ನೇ ಹಿಡಿದು ಷರತ್ತು ಹಾಕಿದಳು. "ಇವತ್ತ ಇದರ ಮ್ಯಾಲ ಅಡಗಿ ಆಗಿ, ಹೊತ್ತು ಮುಳುಗೂದ್ರಾಗ ಎಲ್ಲಾರದೂ ಊಟ ಆತಂದ್ರ ಇರ್ಲಿ. ಇಲ್ಲಂದ್ರ ನಾಳೆ ಇದು ಇಚಲಕರಂಜಿಗೆ, ನನ್ನ ಮಗಳ ಮನಿಗೆ ಹೋಗ್ತೈತಿ. ಅಕಿ ಕೇಳಾಕತ್ತ ಭಾಳ ದಿನಾ ಆತು."

ಅವ್ವ ಹಳೆಯ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಸಗಣಿಯಿಂದ ಸಾರಿಸಿ ಕೈತೊಳೆದುಕೊಂಡಳು.

ಸಂಜೆಯ ಅಡುಗೆಗೆ ಅಜ್ಜಿ ತಾನೇ ಮುಂದಾದಳು. ಪಾತ್ರೆಯನ್ನು ಒಲೆಗೆ ಏರಿಸುವ ಮೊದಲು ಹೊರಮೈಗೆ ಮಣ್ಣು, ಬೂದಿ ಕಲಸಿ ಮೆತ್ತುವುದು ನಮ್ಮ ಕಡೆಯ ಪದ್ಧತಿ. ಮಸಿ ಬೂದಿಗೆ ಹಿಡಿಯುತ್ತದೆ, ತಿಕ್ಕುವಾಗ ಅದರ ಜೊತೆಗೇ ಬಿಟ್ಟುಹೋಗುತ್ತದೆ. ಅಜ್ಜಿ ತನ್ನ ದುಂಡು ತಳದ ತಾಮ್ರದ ಗಡಿಗೆಗೆ ದಪ್ಪಗೆ ಬೂದಿ ಮೆತ್ತಿ, ಹೆಸರುಬೇಳೆ ಸುರಿದು, ಹೊಸ ಒಲೆಯ ಮೇಲಿಟ್ಟಳು. ಅವ್ವ ಆಗ ಹಿತ್ತಲಲ್ಲಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ನೀಲಿ ಉರಿ ಮೆಲ್ಲಗೆ ಬುಸುಗುಡುತ್ತಿತ್ತು. ಆಮೇಲೆ ಒಣಗಿದ ಬೂದಿ ಹಕ್ಕಳೆ ಹಕ್ಕಳೆಯಾಗಿ ಉದುರಿ ಬರ್ನರಿನ ತೂತುಗಳನ್ನು ಮುಚ್ಚಿತು. ಉರಿ ಒಂದು ಕಡೆ ಹಳದಿಯಾಗಿ ಕುಣಿಯತೊಡಗಿತು. ದುಂಡು ತಳ ಒಲೆಯ ಕಬ್ಬಿಣದ ಕಾಲುಗಳ ಮೇಲೆ ನೆಟ್ಟಗೆ ನಿಲ್ಲದೆ ಗಡಿಗೆ ವಾಲಿತು. ಬೇಳೆ ಚೆಲ್ಲಿ ಉರಿ ಸುಂಯ್ ಎಂದು ಆರಿತು. ಕೊಳೆತ ಕೋಸಿನಂಥ ವಾಸನೆ ಮೂಗಿಗೆ ಬಡಿಯಿತು.

"ಆರಿತಲ್ಲ ನೋಡು ನಿಮ್ಮ ಕೊಲ್ಹಾಪುರದ ಒಲಿ" ಎನ್ನುತ್ತಾ ಅಜ್ಜಿ ಕಡ್ಡಿಪೆಟ್ಟಿಗೆ ಎತ್ತಿಕೊಂಡಳು.

ವಾಸನೆ ಹಿತ್ತಲಿಗೂ ಬಡಿದು ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಅಜ್ಜಿಯ ಮಣಿಕಟ್ಟು ಹಿಡಿದಳು. "ಕಡ್ಡಿ ಕೊರಿಬ್ಯಾಡ್ರಿ ಅತ್ತಿ, ಗ್ಯಾಸ್ ಸೋರಾಕತ್ತೈತಿ."

ಸೊಸೆ ಅತ್ತೆಯ ಕೈ ಹಿಡಿದು ತಡೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅವ್ವ ಮೊದಲು ಒಲೆಯ ತಿರುಪು ಬಂದ್ ಮಾಡಿದಳು, ಆಮೇಲೆ ಸಿಲಿಂಡರಿನದು. ಕಿಟಕಿ, ಬಾಗಿಲು ಪೂರಾ ತೆರೆದಳು. ಅಕ್ಕ ದೀಪ ಹಾಕಲು ಹೋದಾಗ, "ಗುಂಡಿ ಮುಟ್ಟಬ್ಯಾಡವಾ, ಅದರಾಗೂ ಕಿಡಿ ಇರ್ತೈತಿ" ಎಂದು ಎಲ್ಲರನ್ನೂ ಅಂಗಳಕ್ಕೆ ಕಳಿಸಿದಳು. ಒಲೆ ಜೋಡಿಸಲು ಬಂದವನು ಹೇಳಿದ್ದನ್ನು ಮನೆಯಲ್ಲಿ ಮನಸ್ಸಿಟ್ಟು ಕೇಳಿದ್ದವಳು ಅವಳೊಬ್ಬಳೇ.

ಎದುರುಮನೆಯ ಹಂಚಿನ ಮೇಲೆ ಬಿಸಿಲು ಜಾರುತ್ತಿತ್ತು. "ಹೊತ್ತು ಹೊಂಟೈತಿ" ಎಂದಳು ಅಜ್ಜಿ.

"ಹೋಗ್ಲಿ ಬಿಡ್ರಿ. ಒಲಿ ಇಚಲಕರಂಜಿಗೆ ಹೋದ್ರೂ ಹೋಗ್ಲಿ. ವಾಸನಿ ಹೋಗೂತನಾ ನಾ ಒಳಗ ಉರಿ ಹಚ್ಚಂಗಿಲ್ಲ."

ವಾಸನೆ ಹೋಯಿತೆಂದು ಖಾತ್ರಿಯಾದ ಮೇಲೆಯೇ ಅವಳು ಒಳಗೆ ಹೋದದ್ದು. ತಣ್ಣಗಾದ ಬರ್ನರನ್ನು ಎತ್ತಿ, ತೂತುಗಳನ್ನು ಸೂಜಿಯಿಂದ ಬಿಡಿಸಿ, ಒಣಬಟ್ಟೆಯಲ್ಲಿ ಒರೆಸಿ ಕೂರಿಸಿದಳು. ಗಡಿಗೆಯಲ್ಲಿ ಉಳಿದ ಬೇಳೆಯನ್ನು ಚಪ್ಪಟೆ ತಳದ ತಪೇಲಿಗೆ ಸುರಿದು, ಅಲುಗದಂತೆ ನಡುವಿಗಿಟ್ಟು, ಉರಿ ತಳದಿಂದಾಚೆ ಚಾಚದಷ್ಟು ಸಣ್ಣ ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ಉರಿಯ ಮೇಲೆ ರೊಟ್ಟಿಯ ಹಂಚು ಇಟ್ಟು ರೊಟ್ಟಿ ಬಡಿಯಲು ಕೂತಳು ಎನ್ನಬೇಡಿ, ನಿಂತೇ ಬಡಿದಳು. ಕಟ್ಟೆಯ ಮೇಲಿನ ಒಲೆ ಅಲ್ಲವೇ. ರೊಟ್ಟಿಯ ಘಮ ಹೊಗೆಯಿಲ್ಲದೆ ಬಂದದ್ದು ಅಂದೇ ಮೊದಲು.

ಅಪ್ಪ ಕಾಗಲದ ಕಾರ್ಖಾನೆಯಿಂದ ಬಸ್ಸಿಳಿದು ಬಂದ. ಎದುರುಮನೆಯ ಹಂಚಿನ ತುದಿಯಲ್ಲಿ ಬಿಸಿಲಿನ ಗೆರೆ ಇನ್ನೂ ಇರುವಾಗಲೇ ಎಲ್ಲರ ಊಟ ಮುಗಿಯಿತು, ಕೊನೆಗೆ ಅವ್ವನದೂ. ಅಕ್ಕ ಖಾಲಿ ತಪೇಲಿಯನ್ನು ತಿಕ್ಕಲು ಒಯ್ಯುತ್ತಿದ್ದಳು. ಅಜ್ಜಿ ಅದನ್ನು ಇಸಿದುಕೊಂಡು ಮಗುಚಿ, ತಳದ ಮೇಲೆ ಬೆರಳಾಡಿಸಿದಳು. ಬೆರಳಿಗೆ ಮಸಿ ಹತ್ತಲಿಲ್ಲ.

"ನನ್ನ ಮಗಳಿಗೆ ಹೇಳಿ ಕಳಸು, ಬೇಕಂದ್ರ ಬ್ಯಾರೇದ ತಗೊಳ್ಳಲಿ" ಎಂದು ಅಪ್ಪನಿಗೆ ಹೇಳಿದಳು. "ನಿನ್ನ ಹೇಣ್ತಿ ಇವತ್ತ ನನ್ನ ಕೈ ಹಿಡದಾಳ. ಬಿಡಿಸ್ಕೊಳ್ಳಾಕ ಆಗ್ಲಿಲ್ಲ ನೋಡಪಾ, ಅಷ್ಟ ಗಟ್ಟಿ." ಅವ್ವ ತಲೆತಗ್ಗಿಸಿ ನಕ್ಕಳು.

ಮಕ್ಕಳೇ, ಈಗ ನಿಮ್ಮ ಒಲೆಯಲ್ಲಿ ಬಟನ್ ತಿರುವಿದರೆ ಕಿಡಿ ತಾನೇ ಹಾರುತ್ತದೆ. ದುಂಡು ತಳದ ಗಡಿಗೆ ನಿಮ್ಮ ಮನೆಯಲ್ಲಿ ಹುಡುಕಿದರೂ ಸಿಗದು. ಎಲ್ಲ ಬದಲಾಗಿದೆ, ಆ ವಾಸನೆ ಮಾತ್ರ ಅಂದಿನದೇ. ಅಂದು ಒಂದು ಮಾತು ಹೇಳಲು ಅವ್ವ ಎಷ್ಟು ಎದೆ ಗಟ್ಟಿ ಮಾಡಿಕೊಳ್ಳಬೇಕಾಯಿತೋ ನಾನು ಕಂಡಿದ್ದೇನೆ. ನಿಮಗೆ ಆ ಅಂಜಿಕೆ ಬೇಡ. ವಾಸನೆ ಬಂದಾಗ ಯಾರಾದರೂ ಬೆಂಕಿಗೆ ಕೈ ಹಾಕಿದರೆ ತಡೆಯಿರಿ, ಅದು ನಿಮ್ಮ ಅಜ್ಜನೇ ಆಗಿದ್ದರೂ.