ಸಿಸ್ಟರ್ ಕಾರಿಗೆ ಹೊಸ ತಳ

ಬೋಳಾರದಲ್ಲಿ ನನ್ನದೂ ನನ್ನ ಪಾಲುದಾರನದೂ ಒಂದು ಟಿಂಕರಿಂಗ್ ಶೆಡ್ ಇದೆ. ಅವನು ಇಲ್ಲಿನ ಬ್ಯಾರಿ ಮುಸ್ಲಿಮರ ಮನೆಯವನು, ಗಲ್ಫಿನಲ್ಲಿ ಹಲವು ವರ್ಷ ಗಾಡಿಗಳ ಬಾಡಿ ಕೆಲಸ ಮಾಡಿ ಬಂದವನು. ನಾನು ಇಲ್ಲೇ ಕಲಿತವನು. ಕಡಲಿನ ಗಾಳಿಗೆ ತಗಡು ಬೇಗ ತುಕ್ಕು ಹಿಡಿಯುವ ಊರಾದ್ದರಿಂದ ನಮಗೆ ಕೆಲಸಕ್ಕೇನೂ ಬರವಿಲ್ಲ.

ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ, ಅತ್ತಾವರದಿಂದ ಒಬ್ಬ ಹೆಂಗಸು ಹಳೆಯ ಸಣ್ಣ ಕಾರನ್ನು ಓಡಿಸಿಕೊಂಡು ಬಂದರು. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಆಮೇಲೆಯೇ ಡ್ರೈವಿಂಗ್ ಕಲಿತದ್ದಂತೆ, ಇದೇ ಕಾರಿನಲ್ಲಿ. ಕಾರಿನಿಂದಿಳಿದು ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ ತೋರಿಸಿದರು. ತೂತಿನಲ್ಲಿ ನಮ್ಮ ಶೆಡ್ಡಿನ ನೆಲ ಕಾಣುತ್ತಿತ್ತು.

"ಕಾಲು ಕೆಳಗೆ ಊರಿ ಕಾರು ನಿಲ್ಲಿಸ್ಲಿಕ್ಕೂ ಆಗ್ತದೆ," ಎಂದು ಅವರೇ ಮೊದಲು ನಕ್ಕರು. "ಎಲ್ಲರೂ ಗುಜರಿಗೆ ಹಾಕಿ ಅಂತಾರೆ. ನನಗೆ ಇದೇ ಬೇಕು. ಬೇರೆ ಕಾರು ನನ್ನ ಮಾತು ಕೇಳುದಿಲ್ಲ."

ಪಾಲುದಾರ ಕಾರಿನಡಿಗೆ ನುಸುಳಿ ಅಲ್ಲಲ್ಲಿ ಬಡಿದು ನೋಡಿದ. "ಬಾಕಿ ಎಲ್ಲ ಗಟ್ಟಿ ಉಂಟು ಸಿಸ್ಟರ್. ತಳ ಮಾತ್ರ ಹೋದದ್ದು. ಮಾಡುವ."

ಅವರು ಮನೆಗೆ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು. ನಾವು ಬ್ಯಾಟರಿ, ಸೀಟು, ಮ್ಯಾಟ್ ಎಲ್ಲ ತೆಗೆದು ತೂತಿನ ಸುತ್ತಲಿನ ಹಳೆಯ ತೇಪೆ ಕಿತ್ತೆವು. ಅದರಡಿ ಇನ್ನೊಂದು ತೇಪೆ. ಅದರಡಿ ಯಾರೋ ತೆಂಗಿನೆಣ್ಣೆಯ ಡಬ್ಬ ಬಿಡಿಸಿ ಬಡಿದಿದ್ದರು, ಅದರ ಮೇಲಿನ ತೆಂಗಿನ ಮರದ ಚಿತ್ರ ಇನ್ನೂ ಹಸಿರಾಗಿತ್ತು. ತುಕ್ಕಿನ ಮೇಲೆಯೇ ತಗಡು ಹೊದೆಸಿದರೆ ನಡುವೆ ನೀರು ನಿಂತು ಮತ್ತೆ ತಿನ್ನುತ್ತದೆ. ಪಾಲುದಾರ ಆ ಚೂರನ್ನು ಎತ್ತಿ ಹಿಡಿದು, "ಸಿಸ್ಟರ್, ನಿಮ್ಮ ಕಾರಿನಲ್ಲಿ ತೆಂಗಿನ ತೋಟವೂ ಉಂಟು!" ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

ತುಕ್ಕಿರುವಷ್ಟನ್ನೂ ಕತ್ತರಿಸಿ ಗಟ್ಟಿ ತಗಡಿನವರೆಗೆ ಬಂದೆ. ತೂತಿನ ಅಳತೆಗೆ ರಟ್ಟು ಕತ್ತರಿಸಿ, ಅದನ್ನು ಹೊಸ ತಗಡಿನ ಮೇಲಿಟ್ಟು ಗುರುತು ಹಾಕಿದೆ. ಮಾತಿನ ಭರದಲ್ಲಿ ರಟ್ಟನ್ನು ಮಗುಚಿ ಇಟ್ಟಿದ್ದೆ. ಕತ್ತರಿಸಿ, ತಳದ ಬಾಗಿಗೆ ಬಗ್ಗಿಸಿದ ತುಂಡು ಹೇಗೆ ತಿರುಗಿಸಿದರೂ ಕೂರಲಿಲ್ಲ.

"ಎಂತ ಮಾರಾಯ, ಎಡಗಾಲಿಗೆ ಬಲಗಾಲಿನ ಚಪ್ಪಲಿ ಮಾಡಿದ್ದೀಯಲ್ಲ!" ಎಂದ ಪಾಲುದಾರ.

ಎರಡನೆಯ ತುಂಡು ಸರಿಯಾಯಿತು. ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು ಒಂದು ತುಂಡು ತನ್ನ ಜಾಗದಲ್ಲಿ ಕೂತಾಗಲೆಲ್ಲ, ಇಷ್ಟು ವರ್ಷಗಳ ಮೇಲೂ ನನಗೆ ಶಿಳ್ಳೆ ಹೊಡೆಯೋಣ ಅನಿಸುತ್ತದೆ. ಆವತ್ತು ಹೊಡೆದೇಬಿಟ್ಟೆ.

ವೆಲ್ಡಿಂಗ್ ಶುರುವಾಯಿತು. ಇಲ್ಲೊಂದು ಚುಕ್ಕಿ, ಎದುರು ಮೂಲೆಯಲ್ಲಿ ಇನ್ನೊಂದು, ಆಮೇಲೆ ನಡುವೆ.

"ಯಾಕೆ ಹೀಗೆ ಹಾರಿ ಹಾರಿ ಹೋಗುದು?" ಎಂದು ಸಿಸ್ಟರ್ ಕೇಳಿದರು.

"ಒಂದೇ ಕಡೆಯಿಂದ ಎಳ್ಕೊಂಡು ಹೋದ್ರೆ ಬಿಸಿಗೆ ತಗಡು ಹಪ್ಪಳದ ಹಾಗೆ ಡೊಂಕಾಗ್ತದೆ," ಎಂದೆ.

"ಓ! ಉದ್ದದ ಗಾಯಕ್ಕೆ ನಮ್ಮ ಡಾಕ್ಟ್ರೊಬ್ರು ಮೊದಲು ನಡುವೆ ಒಂದು ಹೊಲಿಗೆ ಹಾಕ್ತಿದ್ರು. ಇಲ್ಲದಿದ್ರೆ ಕೊನೆಗೆ ಒಂದು ಬದಿ ಉದ್ದ ಉಳೀತದೆ." ಸ್ಟೂಲಿನಿಂದ ಎದ್ದೇಬಿಟ್ಟರು. "ಒಂದು ನಾನು ಹಾಕ್ಲಾ?"

ನಾನು ಪಾಲುದಾರನ ಮುಖ ನೋಡಿದೆ. ಅವನು ಆಗಲೇ ಗ್ಲೌಸ್, ಏಪ್ರನ್ ಹುಡುಕುತ್ತಿದ್ದ. ಮುಖಕ್ಕೆ ಶೀಲ್ಡ್ ಹಾಕಿಸಿ, ಅವರ ಕೈಯ ಮೇಲೆ ಕೈಯಿಟ್ಟು ಟಾರ್ಚ್ ಹಿಡಿಸಿದೆ. ನನ್ನ ಕೈಗಿಂತ ಅವರದೇ ಸ್ಥಿರವಾಗಿತ್ತು. ಚಿಟಚಿಟ ಎಂದು ಕಿಡಿ ಹಾರಿತು.

"ಹಿಡಿಯಿತಾ?"

"ಹಿಡಿದಿದೆ ಸಿಸ್ಟರ್."

ಶೀಲ್ಡ್ ಎತ್ತಿ ಅವರು ಚಪ್ಪಾಳೆ ತಟ್ಟಿದರು. ಗ್ಲೌಸಿನಿಂದ ಧೂಳು ಎದ್ದಿತು.

ಉಳಿದ ಚುಕ್ಕಿಗಳನ್ನು ನಾವು ಹಾಕಿ, ಒಂದಕ್ಕೊಂದು ಸೇರಿಸಿ, ಉಜ್ಜಿ ಸಮ ಮಾಡಿ, ಪ್ರೈಮರ್ ಹೊಡೆದು, ಜೋಡಿಸಿದಲ್ಲಿ ನೀರು ಇಳಿಯದಂತೆ ಸೀಲರ್ ಬಳಿದು, ಒಣಗಿದ ಮೇಲೆ ಸೀಟು, ಬ್ಯಾಟರಿ ಮತ್ತೆ ಕೂರಿಸಿದೆವು. ಮರುದಿನ ಸಂಜೆ ಅವರು ಬಂದು ಹೊಸ ತಳವನ್ನು ಅಂಗೈಯಿಂದ ಸವರಿ ನೋಡಿ, "ಕಾರು ಹತ್ತಿ ಇಬ್ಬರೂ," ಎಂದರು.

ಮಂಗಳಾದೇವಿ ಕಡೆಯ ತಿರುವಿನಲ್ಲಿ ಅವರು ವೇಗ ಕಡಿಮೆ ಮಾಡಲೇ ಇಲ್ಲ. ಹಿಂದಿನ ಸೀಟಿನಲ್ಲಿ ಪಾಲುದಾರ ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದು ಮೆಲ್ಲಗೆ ದೇವರನ್ನು ನೆನೆಯುತ್ತಿದ್ದ.

"ಹೆದರ್ಬೇಡಿ, ನೀವೇ ರಿಪೇರಿ ಮಾಡಿದ್ದಲ್ವಾ?" ಎಂದು ಸಿಸ್ಟರ್ ಕನ್ನಡಿಯಲ್ಲಿ ಅವನನ್ನು ನೋಡಿ ನಕ್ಕರು.

ಒಂದು ಐಸ್‌ಕ್ರೀಮ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ನಮಗೆ ಗಡ್‌ಬಡ್ ಕೊಡಿಸಿದರು. ತಿಂದು ಮುಗಿಸಿದ ಪಾಲುದಾರ ಬಹಳ ವಿನಯದಿಂದ ಕೇಳಿದ: "ವಾಪಸ್ ಹೋಗುವಾಗ ನಾನು ಓಡಿಸ್ಲಾ ಸಿಸ್ಟರ್?"

"ಬೇಡ ಬೇಡ, ನೀವು ಆರಾಮಾಗಿ ಕೂತ್ಕೊಳ್ಳಿ," ಎಂದು ಅವರು ಕೀ ಹಿಡಿದು ಮುಂದೆ ನಡೆದರು.

ನಾವು ಹತ್ತಿ ಕೂತೆವು.