ಸೆಂಜೋಜಿಕಿಯಲ್ಲಿ ಹಮ್ಮಿಂಗ್‌ಬರ್ಡ್ ಹುಡುಕಿದ್ದು

ಬೆಳಿಗ್ಗೆ ಆರು ಗಂಟೆಗೆ, ಜಪಾನಿನಲ್ಲಿ ನಾವಿರುವ ಒಕಾಜಾಕಿಯಿಂದ ರೈಲು ಹತ್ತಿದೆವು, ನಾನು ಮತ್ತು ಮೂರನೇ ಕ್ಲಾಸಿನ ಮಗಳು ಇಂಚರ. ಬೇಸಿಗೆ ರಜೆಯ ಕೊನೆಯ ಶನಿವಾರ. ಮೂರು ದಿನದಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು.

ತಪ್ಪು ನನ್ನದೇ. ಇಲ್ಲಿನ ಶಾಲೆಯಲ್ಲಿ ರಜೆಗೆ ಚಿತ್ರ ಬಿಡಿಸಿ ದಿನಚರಿ ತುಂಬುವ ಹೋಮ್‌ವರ್ಕ್ ಇರುತ್ತದೆ. ಆಗಸ್ಟ್ ಮೊದಲ ವಾರ ಸೆಂಜೋಜಿಕಿ ಬೆಟ್ಟಕ್ಕೆ ಹೋಗಿದ್ದ ದಿನದ ಪುಟದಲ್ಲಿ ಅವಳು ಪೆನ್ಸಿಲ್ಲಿನಲ್ಲಿ ಹಮ್ಮಿಂಗ್‌ಬರ್ಡ್ ಬಿಡಿಸಿದ್ದಳು. ಗಾಳಿಯಲ್ಲೇ ನಿಂತು ಹೂವಿನ ರಸ ಹೀರಿತಂತೆ. ಸಂಶೋಧನಾ ಸಂಸ್ಥೆಯಲ್ಲಿರುವ ನನ್ನ ಗಂಡ, ಜಪಾನಿನಲ್ಲಿ ಆ ಹಕ್ಕಿಯೇ ಇಲ್ಲ ಎಂದು ನಕ್ಕುಬಿಟ್ಟರು. ಟೀಚರ್ ಮುಂದೆ ಮಾನ ಹೋದೀತೆಂದು ನಾನು, "ಸುಳ್ಳು ಬರೀಬಾರ್ದು" ಎನ್ನುತ್ತಾ ರಬ್ಬರಿನಿಂದ ಉಜ್ಜಿ ಹಾಕಿದೆ. ಆ ಪುಟದಲ್ಲಿ ಬೇರೇನನ್ನೂ ಬರೆಯಲು ಅವಳು ಒಪ್ಪಲಿಲ್ಲ. ಸೋಮವಾರ ಶಾಲೆ. ಇನ್ನೊಮ್ಮೆ ಹೋಗಿ ನೋಡೋಣ ಎಂದೆ.

ನಗೋಯಾದಿಂದ ಕೊಮಾಗಾನೆಗೆ ಬಸ್ಸಿನಲ್ಲಿ ಎರಡೂವರೆ ಗಂಟೆ; ಅಲ್ಲಿಂದ ಬೆಟ್ಟದ ಬಸ್ಸು, ಕೊನೆಗೆ ರೋಪ್‌ವೇ. ಬುಡದಲ್ಲಿ ಬೆವರು ಸುರಿಯುತ್ತಿತ್ತು. ಎರಡು ಸಾವಿರದ ಆರುನೂರು ಮೀಟರ್ ಎತ್ತರದಲ್ಲಿ ಇಳಿದಾಗ ಹಲ್ಲು ಕಟಕಟ ಎಂದಿತು. ನಾನು ಚಿತ್ರಾನ್ನದ ಡಬ್ಬಿ ತೆರೆದರೆ ಇಂಚರ ಕೊಂಬಿನಿ ಅಂಗಡಿಯಲ್ಲಿ ಕೊಂಡಿದ್ದ ಅನ್ನದುಂಡೆ ತಿಂದಳು. ಕೋಪ ಇನ್ನೂ ಇಳಿದಿರಲಿಲ್ಲ.

ಹೂಗಳ ನಡುವಿನ ಕಾಲುದಾರಿಯಲ್ಲಿ ಎರಡು ಸುತ್ತು ಹಾಕಿದೆವು. ದಾರಿ ಕಾಯುವ ಮೋರಿ-ಸಾನ್ ಎಂಬ ಹಿರಿಯರಿಗೆ ಇಂಚರ ಜಪಾನಿಯಲ್ಲಿ ವಿಷಯ ಹೇಳಿದಳು. ನನ್ನ ಜಪಾನಿ, ಕ್ಷಮೆಯ ಸುಮಿಮಾಸೆನ್, ಥ್ಯಾಂಕ್ಸಿನ ಅರಿಗಾತೋ ದಾಟಿ ಮುಂದೆ ಹೋಗಿಲ್ಲ. ಅವರು ನೇರಳೆ ಬಣ್ಣದ ಮುಳ್ಳುಹೂಗಳಿದ್ದ ಇಳಿಜಾರಿಗೆ ಕರೆದೊಯ್ದು ಸುಮ್ಮನೆ ನಿಲ್ಲುವಂತೆ ಸನ್ನೆ ಮಾಡಿದರು. ಅರ್ಧ ಗಂಟೆ ನಿಂತೆವು. ಕಾಲು ಮರಗಟ್ಟಿತು.

"ಅಮ್ಮಾ, ಲುಕ್, ದೇರ್!"

ಹೂವಿನೆದುರು ಹೆಬ್ಬೆರಳು ಗಾತ್ರದ ಒಂದು ಜೀವ ಗಾಳಿಯಲ್ಲಿ ನಿಂತಿತ್ತು. ಕಣ್ಣಿಗೆ ಕಾಣದಷ್ಟು ವೇಗವಾಗಿ ರೆಕ್ಕೆ ಬಡಿಯುತ್ತಿತ್ತು. ಮುಂದೆ ಉದ್ದನೆಯ ಕೊಕ್ಕು.

"ಅಯ್ಯೋ, ಹಕ್ಕೀನೇ ಕಣೇ! ನಿಜವಾಗ್ಲೂ ಹಕ್ಕಿ!" ಎಂದು ನಾನು ಕೂಗಿಬಿಟ್ಟೆ.

ಮೋರಿ-ಸಾನ್ ಬಗ್ಗಿ ಇಂಚರಳಿಗೆ ನಿಧಾನವಾಗಿ ಏನೋ ಹೇಳಿದರು. ಅವಳ ಮುಖ ಸಪ್ಪೆಯಾಯಿತು.

"ಏನಂದ್ರು?"

ಅವಳು ಸ್ವಲ್ಪ ಹೊತ್ತು ಹೂವನ್ನೇ ನೋಡಿದಳು. "ಹಕ್ಕಿ ಅಲ್ವಂತೆ ಅಮ್ಮಾ. ಇನ್ಸೆಕ್ಟ್ ಅಂತೆ, ಪತಂಗ ಟೈಪ್. ಅದು ಬೀಕ್ ಅಲ್ಲ, ಟಂಗ್."

ಮೋರಿ-ಸಾನ್ ಹೇಳಿದ್ದು ನನಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಹಕ್ಕಿಯೇ ಅಂತೆ ಎಂದು ಅವಳು ಹೇಳಿದ್ದರೆ ನಂಬಿಕೊಂಡು ಮನೆಗೆ ಬರುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು. ಇಂಥ ಹುಡುಗಿಗೆ ಸುಳ್ಳಾಡಬಾರದೆಂದು ಪಾಠ ಹೇಳಲು ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು.

ಇಳಿಯುವ ರೋಪ್‌ವೇ ಸಾಲಿನಲ್ಲಿ, ಅಷ್ಟು ಜನರ ನಡುವೆಯೇ, "ಸಾರಿ ಪುಟ್ಟಾ" ಎಂದೆ.

"ಇಟ್ಸ್ ಓಕೆ ಅಮ್ಮಾ," ಎಂದು ಅವಳೇ ನನ್ನ ಬೆನ್ನು ಸವರಿದಳು. "ನೀನೂ ಬರ್ಡ್ ಅಂದ್ಯಲ್ಲಾ."